ಕೀಲಿಕೈ ಇದೆ, ಕಾರು ಮಾತ್ರ ಏಳದು: ಇಮ್ಮೊಬಿಲೈಸರ್ ಕೈಕೊಟ್ಟಾಗ ಮಾಡಬೇಕಾದ್ದೇನು?

ದಢೇಸುಗೂರು (ಸಿಂಧನೂರು ತಾಲ್ಲೂಕು): ಬೆಂಗಳೂರಿನಿಂದ ಹೊರಟ ಕಾರೊಂದು ಬಳ್ಳಾರಿ, ಸಿರುಗುಪ್ಪಗಳನ್ನು ಹಿಂದಿಕ್ಕಿ, ತುಂಗಭದ್ರಾ ನದಿಯ ಸೇತುವೆ ದಾಟಿ ದಢೇಸುಗೂರಿನಲ್ಲಿ ಚಹಾಕ್ಕೆಂದು ನಿಂತಿದೆ ಎಂದಿಟ್ಟುಕೊಳ್ಳೋಣ. ಕಾರು 2004ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಒಂದು ಕಾಲಕ್ಕೆ ವೇಗಪ್ರಿಯರ ಕನಸಾಗಿದ್ದ, 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ನಿನ, 150 ಅಶ್ವಶಕ್ತಿಯ ಬಂಡಿ. ಹತ್ತು ನಿಮಿಷದ ಬಳಿಕ ಮಾಲೀಕರು ಬಂದು ಕೀಲಿಕೈ ತಿರುಗಿಸುತ್ತಾರೆ. ಎಂಜಿನ್ ಒಮ್ಮೆ ಗುಡುಗಿ, ಒಂದೆರಡು ಸೆಕೆಂಡುಗಳಲ್ಲಿಯೇ ಸತ್ತುಹೋಗುತ್ತದೆ. ಮತ್ತೆ ತಿರುಗಿಸಿದರೆ ಮತ್ತದೇ ಕಥೆ. ಡ್ಯಾಶ್‌ಬೋರ್ಡಿನಲ್ಲಿ ಕಾರು ಮತ್ತು ಕೀಲಿಕೈಯ ಚಿತ್ರವುಳ್ಳ ಪುಟ್ಟ ದೀಪ ಮಿಣುಕುತ್ತಿದೆ.

ಸುತ್ತ ಜನ ಸೇರುತ್ತಾರೆ. ‘ನಾಲ್ಕು ಮಂದಿ ಸೇರಿ ದಬ್ಬಿದರ ಚಾಲೂ ಆಗ್ತದ್ರಿ’ ಎಂಬ ಸಲಹೆ ಬರುತ್ತದೆ. ಪೆಟ್ರೋಲ್ ಪಂಪ್ ಸುಟ್ಟಿರಬೇಕು ಎಂದು ಮತ್ತೊಬ್ಬರು ಹೇಳುತ್ತಾರೆ. ಈ ಕಾರಿನಲ್ಲಿ ಎರಡೂ ನಿಜವಲ್ಲ. ಎಂಜಿನ್ ಗಟ್ಟಿಯಾಗಿದೆ, ಪೆಟ್ರೋಲೂ ಇದೆ. ಕಾರು ತನ್ನ ಒಡೆಯನನ್ನು ಗುರುತಿಸಲು ನಿರಾಕರಿಸುತ್ತಿದೆ, ಅಷ್ಟೆ. ಕಳ್ಳರನ್ನು ತಡೆಯಲೆಂದು ಅಳವಡಿಸಿದ ಇಮ್ಮೊಬಿಲೈಸರ್ ಎಂಬ ವಿದ್ಯುನ್ಮಾನ ಕಾವಲುಗಾರ ಮಾಲೀಕನನ್ನೇ ಬಾಗಿಲಲ್ಲಿ ನಿಲ್ಲಿಸಿದ್ದಾನೆ.

ಇಂಥ ಸಂದರ್ಭದಲ್ಲಿ ತಪ್ಪು ದಾರಿ ಹಿಡಿದರೆ ಸಾವಿರ ರೂಪಾಯಿಯಲ್ಲಿ ಮುಗಿಯುವ ಕೆಲಸ ಹತ್ತಾರು ಸಾವಿರ ನುಂಗುತ್ತದೆ. ಕೆಲವೊಮ್ಮೆ ಕಾರಿನ ಭದ್ರತೆಯೂ ವಿಮೆಯ ಹಕ್ಕೂ ಕೈಬಿಟ್ಟುಹೋಗುವ ಅಪಾಯವಿದೆ. ಮಹಾನಗರಗಳಲ್ಲಿ ಬೆಲೆ ಕಳೆದುಕೊಂಡ ಹಳೆಯ ವೇಗದ ಕಾರುಗಳು ಜಿಲ್ಲೆ, ತಾಲ್ಲೂಕು ಕೇಂದ್ರಗಳ ಉತ್ಸಾಹಿಗಳ ಕೈಸೇರುತ್ತಿರುವ ಈ ದಿನಗಳಲ್ಲಿ ಈ ಸಾಧನದ ಒಳಗುಟ್ಟನ್ನು ಅರಿಯುವುದು ಅಗತ್ಯವಾಗಿದೆ.

ಕೀಲಿಕೈಯೊಳಗಿನ ಗುಟ್ಟು

ಇಮ್ಮೊಬಿಲೈಸರ್ ಎಂದರೆ ಕೂಗುವ ಅಲಾರಂ ಅಲ್ಲ, ಬಾಗಿಲು ತೆರೆಯುವ ರಿಮೋಟ್ ಕೂಡ ಅಲ್ಲ. ಅದು ಸದ್ದಿಲ್ಲದೆ ಕೆಲಸ ಮಾಡುವ ವ್ಯವಸ್ಥೆ. ಕೀಲಿಕೈಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಚಿಪ್ ಇರುತ್ತದೆ. ಇದನ್ನು ಟ್ರಾನ್ಸ್‌ಪಾಂಡರ್ ಎನ್ನುತ್ತಾರೆ. ಇದಕ್ಕೆ ತನ್ನದೇ ಬ್ಯಾಟರಿ ಇಲ್ಲ. ಕೀಲಿಕೈ ತೂರಿಸುವ ರಂಧ್ರದ ಸುತ್ತ ತಾಮ್ರದ ತಂತಿ ಸುತ್ತಿದ ಬಳೆಯಾಕಾರದ ಆಂಟೆನಾ ಇರುತ್ತದೆ. ಕೀಲಿಕೈ ತಿರುಗಿಸಿದೊಡನೆ ಈ ಬಳೆ ಸಾಮಾನ್ಯವಾಗಿ 125 ಕಿಲೊಹರ್ಟ್ಸ್‌ನ ಆಸುಪಾಸಿನ ಕಂಪನದ ಕಾಂತಕ್ಷೇತ್ರವನ್ನು ಹರಿಸುತ್ತದೆ. ಚಿಪ್‌ಗೆ ಅದರಿಂದಲೇ ಶಕ್ತಿ ದೊರೆಯುತ್ತದೆ. ಆಗ ಅದು ತನ್ನ ಗುರುತಿನ ಸಂಖ್ಯೆಯನ್ನು ಉತ್ತರವಾಗಿ ಕಳಿಸುತ್ತದೆ.

ಬಳೆ ಈ ಉತ್ತರವನ್ನು ಇಮ್ಮೊಬಿಲೈಸರ್ ಘಟಕಕ್ಕೆ ತಲುಪಿಸುತ್ತದೆ. ಅದು ತನ್ನ ನೆನಪಿನಲ್ಲಿರುವ ಸಂಖ್ಯೆಗಳೊಂದಿಗೆ ತಾಳೆ ನೋಡುತ್ತದೆ. ಸರಿಹೊಂದಿದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್‌ಗೆ, ಅಂದರೆ ಗ್ಯಾರೇಜುಗಳ ಮಾತಿನಲ್ಲಿ ಇಸಿಯುಗೆ, ಒಪ್ಪಿಗೆ ಹೋಗುತ್ತದೆ. ಒಪ್ಪಿಗೆ ಬಾರದಿದ್ದರೆ ಇಸಿಯು ಪೆಟ್ರೋಲ್ ಸಿಂಪಡಿಸುವುದನ್ನೋ ಕಿಡಿ ಹಾರಿಸುವುದನ್ನೋ ನಿಲ್ಲಿಸಿಬಿಡುತ್ತದೆ. ಇಷ್ಟೆಲ್ಲ ನಡೆಯಲು ಕಣ್ಣು ಮಿಟುಕಿಸುವಷ್ಟು ಸಮಯ ಸಾಕು.

ಹೀಗೆ ಗುರುತಿನ ಸಂದೇಶ ನಾಲ್ಕು ಕೈಗಳನ್ನು ದಾಟಬೇಕು: ಕೀಲಿಕೈಯ ಚಿಪ್, ಬಳೆ, ಇಮ್ಮೊಬಿಲೈಸರ್ ಘಟಕ, ಇಸಿಯು. ಇವನ್ನು ಬೆಸೆಯುವ ತಂತಿಗಳು, ಎಲ್ಲಕ್ಕೂ ಜೀವ ಕೊಡುವ ಬ್ಯಾಟರಿ ಇವೆರಡೂ ಸೇರಿದರೆ ಚಿತ್ರ ಪೂರ್ಣ. ದೋಷ ಹುಡುಕುವುದೆಂದರೆ ಸಂದೇಶ ಯಾವ ಕೈಯಲ್ಲಿ ಜಾರಿಬಿತ್ತು ಎಂದು ಸರದಿಯಂತೆ ವಿಚಾರಿಸುವುದು. ಸರದಿ ತಪ್ಪಿಸಿ ನೇರವಾಗಿ ಇಸಿಯುಗೆ ಕೈಹಾಕುವುದರಿಂದಲೇ ಖರ್ಚು ಬೆಳೆಯುತ್ತದೆ.

ರಸ್ತೆ ಬದಿಯಲ್ಲಿ ಕೀಲಿಕೈ ಮಾಡುವವರಿಂದ ಬರಿಯ ಲೋಹದ ನಕಲು ಮಾಡಿಸಿದವರಿಗೆ ಇದರ ಅನುಭವ ಆಗಿಯೇ ಇರುತ್ತದೆ. ಆ ಕೀಲಿಕೈಯಿಂದ ಬಾಗಿಲು ತೆರೆಯುತ್ತದೆ, ಸ್ಟಿಯರಿಂಗ್ ಬಿಡಿಸಿಕೊಳ್ಳುತ್ತದೆ, ಸ್ಟಾರ್ಟರ್ ಕೂಡ ತಿರುಗಬಹುದು. ಆದರೆ ಎಂಜಿನ್ ಓಡುವುದಿಲ್ಲ. ಹಲ್ಲು ಹೊಂದಿದರೂ ಗುರುತು ಹೊಂದಿಲ್ಲ.

ಕಾರ್ವೆಟ್‌ನಿಂದ ಆರಂಭವಾದ ಕಥೆ

ಈ ಆಲೋಚನೆ ಮೊದಲು ಮಾರುಕಟ್ಟೆಗೆ ಬಂದದ್ದು ಸ್ಪೋರ್ಟ್ಸ್ ಕಾರಿನಲ್ಲಿಯೇ ಎಂಬುದು ಕುತೂಹಲದ ಸಂಗತಿ. ಅಮೆರಿಕದ ಜನರಲ್ ಮೋಟರ್ಸ್ ಕಂಪನಿ 1986ರ ಷೆವ್ರೊಲೆ ಕಾರ್ವೆಟ್‌ನ ಕೀಲಿಕೈಯಲ್ಲಿ ಪುಟ್ಟ ರೆಸಿಸ್ಟರ್ ಒಂದನ್ನು ಅಡಗಿಸಿತು. ಒಟ್ಟು 15 ಬಗೆಯ ಮೌಲ್ಯಗಳಲ್ಲಿ ಯಾವುದು ಆ ಕಾರಿನದೋ ಅದೇ ಇದ್ದರೆ ಮಾತ್ರ ಎಂಜಿನ್ ಏಳುತ್ತಿತ್ತು. ರೇಡಿಯೊ ಅಲೆಗಳ ಚಿಪ್ ಬಂದದ್ದು 1990ರ ದಶಕದಲ್ಲಿ. ಯುರೋಪಿನ ಒಕ್ಕೂಟ 1995ರ ನಿರ್ದೇಶನದ ಮೂಲಕ ಹೊಸ ಕಾರುಗಳಿಗೆ ಇದನ್ನು ಕಡ್ಡಾಯಗೊಳಿಸಿತು. 1998ರ ಅಕ್ಟೋಬರ್‌ನಿಂದ ಅದು ಜಾರಿಗೆ ಬಂತು. ಆಸ್ಟ್ರೇಲಿಯಾ 2001ರಲ್ಲಿ, ಕೆನಡಾ 2007ರಲ್ಲಿ ಇದೇ ಹಾದಿ ಹಿಡಿದವು.

ಫಲಿತಾಂಶ ಸಣ್ಣದಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 1995ರಿಂದ 2008ರವರೆಗಿನ ಅಂಕಿಅಂಶಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಾದ ವಾನ್ ಅವರ್ಸ್ ಮತ್ತು ವೊಲಾರ್ಡ್, ಇಮ್ಮೊಬಿಲೈಸರ್‌ನಿಂದ ಕಾರು ಕಳವು ಸರಾಸರಿ ಶೇ 40ರಷ್ಟು ತಗ್ಗಿತೆಂದು ಕಂಡುಕೊಂಡರು. ವ್ಯತಿರಿಕ್ತ ಪಾಠ ಅಮೆರಿಕದಿಂದ ಬಂತು. ಅಲ್ಲಿ ಈ ಸಾಧನ ಕಡ್ಡಾಯವಲ್ಲ. 2015ರ ಮಾದರಿಗಳಲ್ಲಿ ಉಳಿದ ಕಂಪನಿಗಳ ಶೇ 96ರಷ್ಟು ಕಾರುಗಳಿಗೆ ಅದು ಮೂಲದಲ್ಲೇ ಇದ್ದರೆ, ಹುಂಡೈ ಮತ್ತು ಕಿಯಾಗಳಲ್ಲಿ ಇದ್ದದ್ದು ಶೇ 26ಕ್ಕೆ ಮಾತ್ರ. 2021-22ರಲ್ಲಿ ಆ ಕಾರುಗಳನ್ನು ಕದಿಯುವುದು ಹುಡುಗರ ಆಟವೇ ಆಗಿಹೋಯಿತು.

ಭಾರತದಲ್ಲಿ ಈ ವ್ಯವಸ್ಥೆ ಜನಕ್ಕೆ ಪರಿಚಯವಾದದ್ದು 2000ದ ಆಸುಪಾಸಿನ ಕಾರುಗಳಿಂದ. ಸಚಿನ್ ತೆಂಡೂಲ್ಕರ್ ಪ್ರಚಾರ ರಾಯಭಾರಿಯಾಗಿದ್ದ ಫಿಯೆಟ್ ಪಾಲಿಯೊದಲ್ಲಿ ಇದಕ್ಕೆ ‘ಫಿಯೆಟ್ ಕೋಡ್’ ಎಂಬ ಹೆಸರು. ಫೋರ್ಡ್ ಇದನ್ನು ‘ಪ್ಯಾಟ್ಸ್’ ಎಂದು ಕರೆಯಿತು. ಮಾರುತಿ ‘ಐಕ್ಯಾಟ್ಸ್’ ಎಂದಿತು. ಹೆಸರು ಬೇರೆ, ತತ್ವ ಒಂದೇ.

ಮೊದಲು ರೋಗ ಯಾವುದೆಂದು ತಿಳಿಯಬೇಕು

ಕಾರು ಏಳದಿದ್ದೊಡನೆ ಇಮ್ಮೊಬಿಲೈಸರ್ ಮೇಲೆ ಗೂಬೆ ಕೂರಿಸುವುದೂ ತಪ್ಪು. ಕೀಲಿಕೈ ತಿರುಗಿಸಿದಾಗ ಏನಾಗುತ್ತದೆ ಎಂಬುದನ್ನು ಗಮನಿಸಿದರೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.

‘ಟಕ್ ಟಕ್’ ಎಂಬ ಸದ್ದು ಮಾತ್ರ ಬಂದು ದೀಪಗಳು ಮಂಕಾದರೆ ಅದು ಬ್ಯಾಟರಿಯದೋ ಸ್ಟಾರ್ಟರ್‌ನದೋ ದೋಷ. ಎಂಜಿನ್ ಚೆನ್ನಾಗಿ ತಿರುಗುತ್ತಿದ್ದು ಹತ್ತಿಕೊಳ್ಳದೆ ಇದ್ದರೆ ಸಂಶಯಕ್ಕೆ ಹಲವು ದಾರಿಗಳಿವೆ: ಪೆಟ್ರೋಲ್ ಪಂಪ್, ಕ್ರ್ಯಾಂಕ್ ಸೆನ್ಸರ್, ಇಗ್ನಿಷನ್ ಸ್ವಿಚ್ ಅಥವಾ ಇಮ್ಮೊಬಿಲೈಸರ್. ಹತ್ತಿಕೊಂಡು ಪ್ರತಿ ಬಾರಿಯೂ ಒಂದೆರಡು ಸೆಕೆಂಡುಗಳಲ್ಲಿ ಗಡಿಯಾರ ನೋಡಿದಂತೆ ನಿಂತುಹೋದರೆ, ಅದರಲ್ಲೂ ಫೋಕ್ಸ್‌ವ್ಯಾಗನ್ ಬಳಗದ ಕಾರುಗಳಲ್ಲಿ, ಇಮ್ಮೊಬಿಲೈಸರ್ ಕಡೆಗೇ ಬೆರಳು ತೋರಿಸಬಹುದು. ಆ ಕಾಲದ ಬಿಎಂಡಬ್ಲ್ಯು ಕಾರುಗಳಲ್ಲಾದರೆ ಈ ವ್ಯವಸ್ಥೆ ಸ್ಟಾರ್ಟರ್ ಅನ್ನೇ ತಡೆಯುತ್ತದೆ. ಹಾಗಾಗಿ ಅಲ್ಲಿ ಎಂಜಿನ್ ಅಲುಗುವುದೂ ಇಲ್ಲ.

ಎರಡನೆಯ ಸುಳಿವು ದೀಪ. ಇಗ್ನಿಷನ್ ಆನ್ ಮಾಡಿದಾಗ ಇಮ್ಮೊಬಿಲೈಸರ್ ದೀಪ ಒಮ್ಮೆ ಬೆಳಗಿ ಆರಬೇಕು. ಅದು ಆರದಿದ್ದರೆ ಅಥವಾ ಬಿಡದೆ ಮಿಣುಕಿದರೆ ಗುರುತು ಸಿಕ್ಕಿಲ್ಲವೆಂದು ಅರ್ಥ. ಫಿಯೆಟ್‌ನಲ್ಲಿ ‘ಕೋಡ್’ ಎಂಬ ದೀಪ, ಹೋಂಡಾ ಕಾರುಗಳಲ್ಲಿ ಹಸಿರು ಬಣ್ಣದ ಕೀಲಿಕೈ ಚಿತ್ರ ಇದೇ ಮಾತನ್ನು ಹೇಳುತ್ತವೆ. ಮಾದರಿಯಿಂದ ಮಾದರಿಗೆ ದೀಪದ ಭಾಷೆ ಬದಲಾಗುವುದರಿಂದ ಕಾರಿನೊಂದಿಗೆ ಬಂದ ಕೈಪಿಡಿಯ ಮಾತೇ ಅಂತಿಮ.

ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ಮತ್ತೊಂದು ಗೊಂದಲ ಎದುರಾಗುತ್ತದೆ. ಎಂಜಿನ್ ಕಾದಾಗ ಹಳೆಯ ಕ್ರ್ಯಾಂಕ್ ಸೆನ್ಸರ್ ಕೆಲಸ ನಿಲ್ಲಿಸಿ, ತಣ್ಣಗಾದ ಮೇಲೆ ಮತ್ತೆ ಚುರುಕಾಗುವುದುಂಟು. ಇದನ್ನು ಇಮ್ಮೊಬಿಲೈಸರ್ ದೋಷವೆಂದು ತಿಳಿದು ಹಣ ಸುರಿಯುವವರಿದ್ದಾರೆ. ಎಂಜಿನ್ ತಿರುಗುವಾಗ ಆರ್‌ಪಿಎಂ ಮುಳ್ಳು ಕೊಂಚವೂ ಕದಲದೆ, ಇಮ್ಮೊಬಿಲೈಸರ್ ದೀಪ ಮಾತ್ರ ಎಂದಿನಂತೆ ಆರಿದ್ದರೆ ಸೆನ್ಸರ್ ಮೇಲೆ ಮೊದಲು ಸಂಶಯಪಡಬೇಕು.

ಇನ್ನು ದಬ್ಬುವ ವಿಚಾರ. ಇಮ್ಮೊಬಿಲೈಸರ್ ತಡೆದಿರುವ ಕಾರನ್ನು ಊರಿಗೆ ಊರೇ ಬಂದು ದಬ್ಬಿದರೂ ಅದು ಏಳುವುದಿಲ್ಲ. ತಡೆ ಇರುವುದು ಸ್ಟಾರ್ಟರ್‌ನಲ್ಲಷ್ಟೇ ಅಲ್ಲ, ಎಂಜಿನ್ನಿನ ಕಂಪ್ಯೂಟರಿನಲ್ಲಿ. ಕಿಡಿ ನಿಂತು ಪೆಟ್ರೋಲ್ ಹರಿಯುತ್ತಿರುವ ದೋಷಗಳಲ್ಲಂತೂ ದಬ್ಬುವುದರಿಂದ ಉರಿಯದ ಇಂಧನ ಸೈಲೆನ್ಸರ್ ಮಾರ್ಗದ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅದನ್ನು ಹಾಳುಮಾಡುತ್ತದೆ.

ಅಗ್ಗದಿಂದ ದುಬಾರಿಯ ಕಡೆಗೆ

ಪರೀಕ್ಷೆಯ ಮೊದಲ ಉಪಕರಣ ಸ್ಕ್ಯಾನರ್ ಅಲ್ಲ, ಎರಡನೆಯ ಕೀಲಿಕೈ. ಮನೆಯಲ್ಲಿಟ್ಟ ಮೂಲ ಕೀಲಿಕೈಯಿಂದ ಕಾರು ಎದ್ದರೆ ದೋಷ ಮೊದಲ ಕೀಲಿಕೈಯಲ್ಲಿದೆ, ಅಲ್ಲಿಗೆ ವಿಚಾರಣೆ ಮುಗಿಯಿತು. ಎರಡರಿಂದಲೂ ಏಳದಿದ್ದರೆ ದೋಷ ಕಾರಿನಲ್ಲಿದೆ. ಒಂದು ರೂಪಾಯಿ ಖರ್ಚಿಲ್ಲದೆ ದೊರೆಯುವ ಇಷ್ಟು ಸ್ಪಷ್ಟ ಉತ್ತರ ಬೇರಾವ ಪರೀಕ್ಷೆಯಿಂದಲೂ ಸಿಗದು. ಒಂದೇ ಕೀಲಿಕೈ ಇರುವವರು ಅದನ್ನು ಗೊಂಚಲಿನಿಂದ ಬಿಡಿಸಿ ಒಂಟಿಯಾಗಿ ಬಳಸಿ ನೋಡಬೇಕು. ಅದೇ ಗೊಂಚಲಿನಲ್ಲಿ ಇನ್ನೊಂದು ವಾಹನದ ಚಿಪ್ ಇದ್ದರೆ ಎರಡು ಉತ್ತರಗಳು ಒಂದರೊಳಗೊಂದು ಬೆರೆತು ಬಳೆಗೆ ಏನೂ ಕೇಳಿಸದಂತಾಗುತ್ತದೆ.

ರಿಮೋಟ್‌ನ ಗುಂಡಿ ಸೆಲ್ ಬದಲಿಸಿದರೆ ಸರಿಹೋದೀತು ಎಂಬುದು ಸಾಮಾನ್ಯ ತಪ್ಪು ಕಲ್ಪನೆ. ಕೀಲಿಕೈ ತೂರಿಸಿ ತಿರುಗಿಸುವ ಹಳೆಯ ಕಾರುಗಳಲ್ಲಿ ಆ ಸೆಲ್ ಬಾಗಿಲ ಬೀಗಕ್ಕೆ ಮಾತ್ರ. ಚಿಪ್‌ಗೆ ಅದರ ಹಂಗಿಲ್ಲ. ಆದರೆ ಸೆಲ್ ಬದಲಿಸಲು ಹೋಗಿ, ಅಥವಾ ಒಡೆದ ಪ್ಲಾಸ್ಟಿಕ್ ಕವಚಕ್ಕೆ ಬದಲಾಗಿ ಹೊಸದನ್ನು ಹಾಕಿಸಲು ಹೋಗಿ ಆ ಪುಟ್ಟ ಚಿಪ್ಪನ್ನೇ ಅಂಗಡಿಯ ಮೇಜಿನ ಮೇಲೆ ಬೀಳಿಸಿ ಬರುವುದುಂಟು. ‘ನಿನ್ನೆ ಕೀ ಕವರ್ ಬದಲಿಸಿದೆ, ಇವತ್ತು ಕಾರು ಏಳುತ್ತಿಲ್ಲ’ ಎನ್ನುವವರು ಮೊದಲು ಹುಡುಕಬೇಕಾದ್ದು ಹಳೆಯ ಕವಚವನ್ನು.

ಎರಡನೆಯ ಹೆಜ್ಜೆ ಕಾರಿನ ಬ್ಯಾಟರಿ. ಎಂಜಿನ್ ಆಫ್ ಇದ್ದು ವಿಶ್ರಾಂತಿಯಲ್ಲಿರುವ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸ್ಟಾರ್ಟರ್ ತಿರುಗುವಾಗ ಅದು 9.6 ವೋಲ್ಟ್‌ಗಿಂತ ಕೆಳಕ್ಕೆ ಕುಸಿದರೆ ಬ್ಯಾಟರಿ ಸೋತಿದೆ ಎಂದೇ ತಿಳಿಯಬೇಕು. ಎಂಜಿನ್ ತಿರುಗುವಷ್ಟು ಬಲ ಉಳಿದಿದ್ದರೂ ವಿದ್ಯುನ್ಮಾನ ಘಟಕಗಳು ಆ ಕುಸಿತವನ್ನು ತಾಳಲಾರದೆ ತಬ್ಬಿಬ್ಬಾಗುತ್ತವೆ. ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಹೊರಬರುವ ಹವ್ಯಾಸದ ಕಾರುಗಳಲ್ಲಿ ಇದು ತೀರಾ ಸಾಮಾನ್ಯ. ಟರ್ಮಿನಲ್‌ಗಳ ಮೇಲಿನ ಬಿಳಿ ಪುಡಿಯನ್ನು ತೆಗೆದು ಬಿಗಿಗೊಳಿಸುವುದು, ಎಂಜಿನ್ ಮತ್ತು ಬಾಡಿಯ ನಡುವಿನ ಅರ್ಥ್ ತಂತಿಯನ್ನು ಪರಿಶೀಲಿಸುವುದು ಇದೇ ಹಂತದ ಕೆಲಸ.

ಮೂರನೆಯದು ಫ್ಯೂಸ್. ಸುಟ್ಟಿದ್ದರೆ ಅದೇ ಆಂಪಿಯರ್‌ನ ಫ್ಯೂಸನ್ನೇ ಹಾಕಬೇಕು. ತಂತಿ ಸುತ್ತಿ ಕೆಲಸ ಸಾಗಿಸಿದರೆ ಮುಂದೆ ಸುಡುವುದು ಫ್ಯೂಸಲ್ಲ, ಘಟಕ.

ಪದೇ ಪದೇ ಕೀಲಿಕೈ ತಿರುಗಿಸುವುದಕ್ಕೂ ಮಿತಿ ಇರಲಿ. ಹಲವು ತಪ್ಪು ಪ್ರಯತ್ನಗಳ ನಂತರ ಕೆಲವು ವ್ಯವಸ್ಥೆಗಳು ಸ್ವಲ್ಪ ಕಾಲ ತಾವೇ ಬೀಗ ಹಾಕಿಕೊಳ್ಳುತ್ತವೆ. ಆಗ ಸುಮ್ಮನೆ ಕಾಯುವುದೇ ಚಿಕಿತ್ಸೆ.

ನಾಲ್ಕನೆಯದು ಕೀಲಿ ರಂಧ್ರದ ಸುತ್ತಲಿನ ಬಳೆ. ಸ್ಟಿಯರಿಂಗ್ ಲಾಕ್ ಅಥವಾ ಇಗ್ನಿಷನ್ ಸ್ವಿಚ್ ಬದಲಿಸಿದ ನಂತರ ಸಮಸ್ಯೆ ಶುರುವಾಗಿದ್ದರೆ ಬಳೆ ತನ್ನ ಜಾಗದಲ್ಲಿ ಸರಿಯಾಗಿ ಕೂತಿಲ್ಲ, ಇಲ್ಲವೇ ಅದರ ಕನೆಕ್ಟರ್ ಸಡಿಲಾಗಿದೆ. ಬ್ಯಾಟರಿ ಸಂಪರ್ಕ ತೆಗೆದು, ಕನೆಕ್ಟರ್ ಬಿಡಿಸಿ ಮಲ್ಟಿಮೀಟರ್‌ನಿಂದ ಅಳೆದರೆ ತಂತಿ ತುಂಡಾಗಿದೆಯೇ ಎಂಬುದು ತಿಳಿಯುತ್ತದೆ. ಎಷ್ಟು ಓಮ್ ಇರಬೇಕೆಂಬುದು ಮಾದರಿಗೆ ತಕ್ಕಂತೆ ಬದಲಾಗುತ್ತದೆ. ಆದರೆ ಕೊನೆಯಿಲ್ಲದ ಪ್ರತಿರೋಧ ತೋರಿಸಿದರೆ ಬಳೆಯ ಆಯುಷ್ಯ ಮುಗಿದಿದೆ. ಸ್ಟಿಯರಿಂಗ್‌ನಲ್ಲಿ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಈ ಕೆಲಸವನ್ನು ಬಲ್ಲವರಿಗೇ ಬಿಡುವುದು ಲೇಸು.

ಭತ್ತದ ನಾಡು, ಇಲಿಗಳ ಕಾಟ

ಇಷ್ಟಕ್ಕೂ ಸಿಗದ ದೋಷ ಬಹಳಮಟ್ಟಿಗೆ ತಂತಿಗಳಲ್ಲಿರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವ ಸಿಂಧನೂರು ಸೀಮೆಯಲ್ಲಿ ಇದಕ್ಕೆ ವಿಶೇಷ ಕಾರಣವಿದೆ. ಗದ್ದೆ, ಗೋದಾಮು, ಅಕ್ಕಿ ಗಿರಣಿಗಳಿರುವ ಕಡೆ ಇಲಿಗಳೂ ಇರುತ್ತವೆ. ಕೊಯ್ಲು ಮುಗಿದ ಮೇಲೆ ಬೆಚ್ಚನೆಯ ಜಾಗ ಹುಡುಕುವ ಇಲಿಗೆ ವಾರಗಟ್ಟಲೆ ನಿಂತ ಕಾರಿನ ಬಾನೆಟ್‌ಗಿಂತ ಒಳ್ಳೆಯ ಮನೆ ಬೇರಿಲ್ಲ. ಅದು ಕಡಿದ ಒಂದು ಎಳೆ ಇಮ್ಮೊಬಿಲೈಸರ್‌ನಿಂದ ಇಸಿಯುಗೆ ಹೋಗುವ ತಂತಿಯಾಗಿದ್ದರೆ ಸಾಕು. ಕೀಲಿಕೈ, ಬಳೆ, ಘಟಕ ಎಲ್ಲವೂ ಸರಿಯಿದ್ದೂ ಸಂದೇಶ ದಡ ಮುಟ್ಟುವುದಿಲ್ಲ.

ತೇವ ಮತ್ತೊಂದು ಶತ್ರು. 1990ರ ದಶಕದ ಕೊನೆಯ ಪೋರ್ಷೆ ಬಾಕ್ಸ್‌ಟರ್‌ನಲ್ಲಿ ಇಮ್ಮೊಬಿಲೈಸರ್ ಘಟಕ ಇರುವುದು ಸೀಟಿನ ಕೆಳಗೆ, ನೆಲಹಾಸಿನ ಮಟ್ಟದಲ್ಲಿ. ಬಟ್ಟೆಯ ಛಾವಣಿಯ ನೀರು ಹರಿದುಹೋಗುವ ಕೊಳವೆಗಳಿಗೆ ಎಲೆ, ಕಸ ಸಿಕ್ಕಿಕೊಂಡರೆ ಮಳೆನೀರು ಒಳಕ್ಕಿಳಿದು ಆ ಘಟಕವನ್ನೇ ಮುಳುಗಿಸುತ್ತದೆ. ಕೊಳವೆ ಶುಚಿಗೊಳಿಸುವ ಅರ್ಧ ಗಂಟೆಯ ಕೆಲಸ ತಪ್ಪಿಸಿದ್ದಕ್ಕೆ ತೆರಬೇಕಾದ ದಂಡ ದೊಡ್ಡದು. ನಮ್ಮ ಕಡೆಯ ಕಾರುಗಳಲ್ಲಿಯೂ ಮುಂಗಾಜಿನ ಅಂಚಿನಿಂದ, ಏಸಿ ಕೊಳವೆಯಿಂದ ಸೋರುವ ನೀರು ಡ್ಯಾಶ್‌ಬೋರ್ಡ್ ಕೆಳಗಿನ ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು ಕಟ್ಟಿಸುತ್ತದೆ. ಕನೆಕ್ಟರ್ ಬಿಚ್ಚಿ, ಒಣಗಿಸಿ, ಕ್ಲೀನರ್‌ನಿಂದ ತೊಳೆದು ಕೂಡಿಸಿದಾಗ ಜೀವ ಬಂದ ಕಾರುಗಳಿಗೆ ಲೆಕ್ಕವಿಲ್ಲ.

ಮೂಲ ಯಾವುದು, ಸೇರಿಸಿದ್ದು ಯಾವುದು?

ಹಳೆಯ ಕಾರುಗಳಲ್ಲಿ ಎರಡು ಬಗೆಯ ಇಮ್ಮೊಬಿಲೈಸರ್‌ಗಳು ಇರಬಹುದು ಎಂಬುದನ್ನು ಮರೆಯಬಾರದು. ಒಂದು ಕಾರ್ಖಾನೆಯಲ್ಲಿಯೇ ಅಳವಡಿಸಿದ್ದು. ಇನ್ನೊಂದು 2000ದ ದಶಕದಲ್ಲಿ ಅಂಗಡಿಗಳಲ್ಲಿ ಹಾಕಿಸಿಕೊಂಡ ಅಲಾರಂನ ಭಾಗ. ಈ ಎರಡನೆಯದು ಸ್ಟಾರ್ಟರ್‌ನ ಅಥವಾ ಪೆಟ್ರೋಲ್ ಪಂಪಿನ ತಂತಿಯನ್ನು ಕತ್ತರಿಸಿ ನಡುವೆ ಒಂದು ರಿಲೇ ಕೂಡಿಸುತ್ತದೆ. ಹದಿನೈದು ಇಪ್ಪತ್ತು ವರ್ಷಗಳ ಬಳಿಕ ಆ ರಿಲೇಯ ಸಂಪರ್ಕಗಳು ಕಪ್ಪಾಗಿ, ಟೇಪ್ ಸುತ್ತಿದ ಜೋಡಣೆಗಳು ಸಡಿಲವಾಗುತ್ತವೆ. ಅಲಾರಂನ ರಿಮೋಟ್ ಎಂದೋ ಕಳೆದುಹೋಗಿರುತ್ತದೆ, ಪೆಟ್ಟಿಗೆ ಮಾತ್ರ ಸ್ಟಿಯರಿಂಗ್ ಕೆಳಗೆ ಅಡಗಿ ಕೂತಿರುತ್ತದೆ.

ಕಾರ್ಖಾನೆಯ ದೀಪ ಸರಿಯಾಗಿ ಆರಿದ್ದೂ ಕಾರು ಏಳದಿದ್ದರೆ ಈ ಹೆಚ್ಚುವರಿ ಪೆಟ್ಟಿಗೆಯನ್ನು ಹುಡುಕಬೇಕು. ಅದನ್ನು ತೆಗೆಸಿ ಮೂಲ ತಂತಿಗಳನ್ನು ಬೆಸುಗೆ ಹಾಕಿ ಮೊದಲಿನಂತೆ ಜೋಡಿಸುವುದು ಒಳ್ಳೆಯ ಆಟೊ ಎಲೆಕ್ಟ್ರಿಷಿಯನ್‌ಗೆ ಸಾಧ್ಯವಿರುವ ಕೆಲಸ. ಟ್ರ್ಯಾಕ್ಟರ್, ಲಾರಿಗಳ ತಂತಿ ನೋಡಿ ಪಳಗಿದ ಸಿಂಧನೂರು, ಮಸ್ಕಿ, ಲಿಂಗಸುಗೂರಿನಂಥ ಊರುಗಳ ಎಲೆಕ್ಟ್ರಿಷಿಯನ್‌ಗಳಿಗೂ ಇದು ಕಷ್ಟವಲ್ಲ. ಕಾರ್ಖಾನೆಯ ಇಮ್ಮೊಬಿಲೈಸರ್ ಮಾತ್ರ ಹಾಗಲ್ಲ. ಅದರ ತಂತಿ ಕತ್ತರಿಸಿದರೆ ಕಾರು ಏಳುವುದಿಲ್ಲ, ಇನ್ನಷ್ಟು ಬಿಗಿಯಾಗಿ ಮಲಗುತ್ತದೆ.

ಸ್ಕ್ಯಾನರ್ ಹೇಳುವುದೇನು?

ಇಷ್ಟೆಲ್ಲ ಆದ ಮೇಲೆ ಬರುವುದು ಸ್ಕ್ಯಾನರ್‌ನ ಸರದಿ. ಸರಿಹೊಂದದ ಕೀಲಿಕೈಗೆ ಎಲ್ಲ ಕಂಪನಿಗಳಿಗೂ ಸಮಾನವಾದ ದೋಷಸಂಖ್ಯೆ ಪಿ0513. ಫೋಕ್ಸ್‌ವ್ಯಾಗನ್ ಬಳಗದ ಕಾರುಗಳಲ್ಲಿ ಪಿ1570 ಕಂಡುಬಂದರೆ ಇಮ್ಮೊಬಿಲೈಸರ್ ಇಸಿಯುವನ್ನು ತಡೆಹಿಡಿದಿದೆ ಎಂದರ್ಥ. ಆದರೆ ಅಗ್ಗದ ಸ್ಕ್ಯಾನರ್‌ಗಳು ಎಂಜಿನ್ನಿನ ದೋಷಗಳನ್ನಷ್ಟೇ ಓದುತ್ತವೆ, ಇಮ್ಮೊಬಿಲೈಸರ್ ಘಟಕದೊಂದಿಗೆ ಮಾತನಾಡುವುದಿಲ್ಲ. ಭಾರತದಲ್ಲಿ ವಾಹನಗಳ ಸ್ವಯಂ ದೋಷಪತ್ತೆ ವ್ಯವಸ್ಥೆ ಕಡ್ಡಾಯವಾದದ್ದು ಮೊದಲ ಹಂತದಲ್ಲಿ 2010ರ ಏಪ್ರಿಲ್‌ನಿಂದ, ಎರಡನೆಯ ಹಂತದಲ್ಲಿ 2013ರ ಏಪ್ರಿಲ್‌ನಿಂದ. ಅದಕ್ಕೂ ಹಿಂದಿನ ಕಾರುಗಳಲ್ಲಿ ಆಯಾ ಕಂಪನಿಯ ಭಾಷೆ ಬಲ್ಲ ಉಪಕರಣವೇ ಬೇಕಾಗಬಹುದು.

ಕೀಲಿಕೈಯನ್ನು ಕಾರಿಗೆ ಪರಿಚಯಿಸುವ ಕೆಲಸದಲ್ಲಿಯೂ ಸೂಕ್ಷ್ಮಗಳಿವೆ. ಆಕ್ಟೇವಿಯಾದಂಥ ಕಾರುಗಳಲ್ಲಿ ಹೊಸ ಕೀಲಿಕೈ ಸೇರಿಸುವಾಗ ಇರುವ ಎಲ್ಲ ಕೀಲಿಕೈಗಳನ್ನೂ ಒಯ್ಯಬೇಕು. ಆ ಹೊತ್ತಿನಲ್ಲಿ ಹಾಜರಿರದ ಕೀಲಿಕೈಯನ್ನು ಕಾರು ಮರೆತುಬಿಡುತ್ತದೆ. ಫೋರ್ಡ್‌ನ ಹಲವು ಮಾದರಿಗಳಲ್ಲಿ ನೋಂದಾಯಿತ ಎರಡು ಕೀಲಿಕೈಗಳಿದ್ದರೆ ಮೂರನೆಯದನ್ನು ಮಾಲೀಕರೇ ಸೇರಿಸಿಕೊಳ್ಳಬಹುದು, ಒಂದೇ ಇದ್ದರೆ ಉಪಕರಣ ಹಿಡಿದವರನ್ನೇ ಕಾಣಬೇಕು.

ಗುಜರಿಯಿಂದ ತಂದ ಬಿಡಿಭಾಗದಿಂದಲೂ ಎಚ್ಚರವಿರಲಿ. ಆಕ್ಟೇವಿಯಾದಲ್ಲಿ ಇಮ್ಮೊಬಿಲೈಸರ್ ಇರುವುದು ವೇಗದ ಮುಳ್ಳು, ಇಂಧನದ ಮುಳ್ಳುಗಳಿರುವ ಮೀಟರ್ ಫಲಕದೊಳಗೆ. ಮಂಕಾದ ಮೀಟರ್‌ಗೆ ಬದಲಾಗಿ ಬೇರೊಂದು ಕಾರಿನ ಫಲಕ ಕೂಡಿಸಿದರೆ ಮುಳ್ಳುಗಳು ಚೆನ್ನಾಗಿಯೇ ಕುಣಿಯುತ್ತವೆ, ಆದರೆ ಎಂಜಿನ್ ಏಳುವುದಿಲ್ಲ. ಹಳೆಯ ಇಸಿಯುವಿಗೂ ಇದೇ ನಿಯಮ.

‘ಅದನ್ನು ತೆಗೆದೇ ಹಾಕೋಣ’

ಗ್ಯಾರೇಜುಗಳಲ್ಲಿ ಕೊನೆಗೆ ಕೇಳಿಬರುವ ಸಲಹೆ ಇದು. ಇಸಿಯುವಿನ ಸಾಫ್ಟ್‌ವೇರ್ ತಿದ್ದಿ ಇಮ್ಮೊಬಿಲೈಸರ್ ಅನ್ನು ಶಾಶ್ವತವಾಗಿ ಸ್ತಬ್ಧಗೊಳಿಸುವವರು ನಗರಗಳಲ್ಲಿದ್ದಾರೆ. ಕಾರು ಏಳುತ್ತದೆ, ನಿಜ. ಆದರೆ ಆ ದಿನದಿಂದ ಬರಿಯ ಲೋಹದ ನಕಲು ಕೀಲಿಕೈ ಹಿಡಿದ ಯಾರಿಗೆ ಬೇಕಾದರೂ ಅದು ಏಳುತ್ತದೆ. ಕಳ್ಳನಿಗೂ ಒಡೆಯನಿಗೂ ನಡುವೆ ಇದ್ದ ಏಕೈಕ ವ್ಯತ್ಯಾಸ ಅಳಿಸಿಹೋಗಿರುತ್ತದೆ.

ವಿಮೆಯ ಮಾತೂ ಇದೆ. ಕಾರು ಕಳವಾದಾಗ ವಿಮಾ ಕಂಪನಿಗಳು ಎಫ್‌ಐಆರ್, ನೋಂದಣಿ ಪತ್ರಗಳ ಜೊತೆ ಎರಡೂ ಮೂಲ ಕೀಲಿಕೈಗಳನ್ನು ಕೇಳುತ್ತವೆ. ಎರಡನೆಯದು ಎಲ್ಲಿ ಎಂಬ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಪರಿಹಾರ ಸಿಕ್ಕಿಬೀಳುತ್ತದೆ. ಮಾನ್ಯತೆ ಪಡೆದ ಕಳವು ನಿರೋಧಕ ಸಾಧನವಿದೆಯೆಂದು ಕಂತಿನಲ್ಲಿ ರಿಯಾಯಿತಿ ಪಡೆದು, ಆಮೇಲೆ ಆ ಸಾಧನವನ್ನೇ ನಿಷ್ಕ್ರಿಯಗೊಳಿಸಿದ್ದು ಬೆಳಕಿಗೆ ಬಂದರೆ ವಾದ ಇನ್ನೂ ಕಠಿಣವಾಗುತ್ತದೆ.

ಇಮ್ಮೊಬಿಲೈಸರ್ ಅಭೇದ್ಯವೇನೂ ಅಲ್ಲ. 2005ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಮತ್ತು ಆರ್‌ಎಸ್‌ಎ ಪ್ರಯೋಗಾಲಯದ ಸಂಶೋಧಕರು ಫೋರ್ಡ್ ಮೊದಲಾದ ಕಾರುಗಳಲ್ಲಿದ್ದ 40 ಬಿಟ್‌ಗಳ ಗೂಢಲಿಪಿಯನ್ನು ಭೇದಿಸಿ ತೋರಿಸಿದರು. ಮೆಗಾಮೋಸ್ ಎಂಬ ಚಿಪ್‌ನ ದೌರ್ಬಲ್ಯ ಬಯಲಿಗೆಳೆದ ಸಂಶೋಧನೆಯನ್ನು 2013ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ತಡೆಹಿಡಿಯಿತು. ಅದು ಪ್ರಕಟವಾಗಲು 2015ರವರೆಗೆ ಕಾಯಬೇಕಾಯಿತು. ಆದರೂ ಪರಿಣತರಿಗಷ್ಟೇ ಒಡೆಯಬಲ್ಲ ಬೀಗ ಇರುವುದಕ್ಕೂ ಬೀಗವೇ ಇಲ್ಲದಿರುವುದಕ್ಕೂ ಅಜಗಜಾಂತರ. ಅಮೆರಿಕದ ಅನುಭವ ಹೇಳಿದ್ದೂ ಇದನ್ನೇ.

ಹಳೆಯ ಕಾರು ಕೊಳ್ಳುವಾಗ

ಸಮಸ್ಯೆಯ ಬೇರು ಬಹುತೇಕ ಕಾರು ಕೈಬದಲಾಯಿಸಿದ ದಿನದಲ್ಲಿಯೇ ಇರುತ್ತದೆ. ನಮೂನೆ 29, 30ಕ್ಕೆ ಸಹಿ ಬೀಳುತ್ತದೆ, ಮಾಲೀಕತ್ವ ವರ್ಗವಾಗುತ್ತದೆ. ಎರಡನೆಯ ಕೀಲಿಕೈ ‘ಮನೆಯಲ್ಲೆಲ್ಲೋ ಇದೆ, ಕಳಿಸುತ್ತೇನೆ’ ಎಂಬ ಮಾತಿನಲ್ಲಿ ಉಳಿದುಹೋಗುತ್ತದೆ. ಅದರೊಂದಿಗೆ ಗುಪ್ತಸಂಖ್ಯೆಯ ಚೀಟಿಯೂ ಹೋಗುತ್ತದೆ. ಹಳೆಯ ಫಿಯೆಟ್‌ಗಳೊಂದಿಗೆ ‘ಕೋಡ್ ಕಾರ್ಡ್’ ಬರುತ್ತಿತ್ತು. ಫೋಕ್ಸ್‌ವ್ಯಾಗನ್ ಬಳಗದ ಕೆಲವು ಮಾದರಿಗಳಲ್ಲಿ ಕೀಲಿಕೈಯ ಜೊತೆಗಿನ ಪುಟ್ಟ ಬಿಲ್ಲೆಯ ಮೇಲೆ ಕೆರೆದು ನೋಡುವ ಸಂಖ್ಯೆ ಇರುತ್ತಿತ್ತು. ನೋಡಲು ಕಸದಂತಿರುವ ಈ ತುಂಡುಗಳೇ ಮುಂದೆ ಕಾರಿನ ಜಾತಕವಾಗುತ್ತವೆ.

ಇಂದು ಇದರ ತೂಕ ಹೆಚ್ಚಿದೆ. ಜನರಲ್ ಮೋಟರ್ಸ್ 2017ರ ಕೊನೆಗೆ ಭಾರತದಲ್ಲಿ ಕಾರು ಮಾರಾಟ ನಿಲ್ಲಿಸಿತು. ಫೋರ್ಡ್ ಇಲ್ಲಿ ಕಾರು ತಯಾರಿಕೆ ಕೈಬಿಡುವುದಾಗಿ 2021ರಲ್ಲಿ ಘೋಷಿಸಿತು. 2020ರಲ್ಲಿ ಬಿಎಸ್-6 ನಿಯಮ ಜಾರಿಯಾಗುವ ವೇಳೆಗೆ ಫಿಯೆಟ್ ಹೆಸರಿನ ಕಾರುಗಳೂ ಮಾರುಕಟ್ಟೆಯಿಂದ ಸರಿದಿದ್ದವು. ಇಂಥ ಕಾರುಗಳಿಗೆ ಮೂಲ ಕೀಲಿಕೈ, ಸಂಕೇತಸಂಖ್ಯೆ ದೊರಕಿಸುವ ಬಾಗಿಲುಗಳು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿವೆ.

ಆದ್ದರಿಂದ ಎರಡು ಕೀಲಿಕೈಗಳಿಂದಲೂ ಎಂಜಿನ್ ಚಾಲೂ ಮಾಡಿ ನೋಡದೆ ಹಳೆಯ ಕಾರಿಗೆ ಮುಂಗಡ ಕೊಡಬಾರದು. ಒಂದೇ ಇದ್ದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆದು, ಅದು ಕೆಲಸ ಮಾಡುತ್ತಿರುವಾಗಲೇ ಇನ್ನೊಂದನ್ನು ಮಾಡಿಸಬೇಕು. ಇರುವ ಒಂದು ಕೀಲಿಕೈಯಿಂದ ಎರಡನೆಯದನ್ನು ಮಾಡಿಸುವುದು ಸುಲಭ. ಇದ್ದದ್ದೂ ಕಳೆದ ಮೇಲೆ ಮೊದಲನೆಯದನ್ನು ಮಾಡಿಸುವುದು ಕಷ್ಟ ಮತ್ತು ದುಬಾರಿ. ಆಗ ನೋಂದಣಿ ಪತ್ರ, ಗುರುತಿನ ಚೀಟಿ ಹಿಡಿದು ತಾನೇ ಮಾಲೀಕನೆಂದು ಸಾಬೀತುಪಡಿಸಿ ಕಂಪನಿಯ ಅಧಿಕೃತ ಕೇಂದ್ರದ ಮುಂದೆ ನಿಲ್ಲಬೇಕಾಗುತ್ತದೆ.

ದಢೇಸುಗೂರಿನ ಚಹಾದಂಗಡಿಯ ಮುಂದೆ ನಿಂತ ಆ ಕಾರಿಗೆ ಮರಳೋಣ. ಮಾಲೀಕರು ದಬ್ಬಲು ಬಂದವರಿಗೆ ಕೈಮುಗಿದು, ಗೊಂಚಲಿನಿಂದ ಕೀಲಿಕೈ ಬಿಡಿಸಿ, ಜೊತೆಯಲ್ಲಿದ್ದ ಸ್ಕೂಟರಿನ ಚಿಪ್ ಕೀಲಿಕೈಯನ್ನು ದೂರವಿಟ್ಟು, ಬ್ಯಾಟರಿಯ ಟರ್ಮಿನಲ್ ಬಿಗಿಮಾಡಿ, ಕೆಲಕಾಲ ಸುಮ್ಮನೆ ಕೂತು ಮತ್ತೆ ತಿರುಗಿಸಿದರೆ ಎಂಜಿನ್ ಎದ್ದರೂ ಎದ್ದೀತು. ಏಳದಿದ್ದರೆ ಕಾರನ್ನು ಹೊತ್ತೊಯ್ಯುವ ವಾಹನ ಕರೆಸಿ ಸಿಂಧನೂರಿಗೆ ಸಾಗಿಸುವ ಖರ್ಚು, ಅಲ್ಲಿಯೇ ತಂತಿ ಕತ್ತರಿಸಿ ಮಾಡಿಕೊಳ್ಳುವ ನಷ್ಟಕ್ಕಿಂತ ಕಡಿಮೆಯೇ. ಬೀರುವಿನ ಮೂಲೆಯಲ್ಲಿ ಎರಡನೆಯ ಕೀಲಿಕೈ ಇದೆಯೇ ಎಂದು ಹಳೆಯ ಕಾರಿನ ಒಡೆಯರೆಲ್ಲ ಇಂದೇ ಒಮ್ಮೆ ನೋಡಿಕೊಳ್ಳುವುದು ಒಳಿತು.